ತೊಳೆದಿಟ್ಟ ಭರಣಿ

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಜಹೀರಾಬಾದ್ ಠಾಣೆಗೆ ಬಂದ ದೂರನ್ನು ಎಸ್‌ಐ ತುಳಸಿರಾಮ ಎರಡು ಸಲ ಓದಿದ. ದಂತವೈದ್ಯ ಕಾಲೇಜಿನ ಪ್ರಯೋಗಾಲಯದಿಂದ ಕಿತ್ತ ಹಲ್ಲುಗಳು ಕಳವಾಗಿದ್ದವು. ದೂರು ಕೊಟ್ಟವಳು ಅಲ್ಲಿ ಸಂಶೋಧನೆ ಮಾಡುತ್ತಿದ್ದ ದೇವಿಕಾ.

'ಬಂಗಾರದ ಹಲ್ಲೇನು?'

'ಇಲ್ರಿ ಸರ್. ಹುಳುಕು ಹಲ್ಲು.'

ಹಲ್ಲಿಗೆ ತುಂಬುವ ಹೊಸ ಸಿಮೆಂಟು ಎಷ್ಟು ಗಟ್ಟಿ ಹಿಡಿಯುತ್ತದೆಂದು ಅವಳು ಪರೀಕ್ಷಿಸಬೇಕಿತ್ತು. ಅದಕ್ಕಾಗಿ ಹಳ್ಳಿಗಳ ಶಿಬಿರಗಳಲ್ಲಿ ಕಿತ್ತ ಹಲ್ಲುಗಳನ್ನು ಒಣಗದಂತೆ ನೀರಿನಲ್ಲಿ ಕಾಪಾಡಿದ್ದಳು. ಬರುವ ಸೋಮವಾರ ಅವನ್ನು ಇಂಜಿನಿಯರಿಂಗ್ ಕಾಲೇಜಿನ ಯಂತ್ರದಲ್ಲಿಟ್ಟು ಮುರಿಯುವವರೆಗೆ ಒತ್ತುವುದಿತ್ತು. ಅವು ಸಿಗದಿದ್ದರೆ ಎರಡು ವರ್ಷದ ಕೆಲಸವೂ ಪದವಿಯೂ ಹೋದಂತೆ. ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆ ತುಳಸಿರಾಮನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು. ಊಟದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕುವ ರೂಢಿ ಅಲ್ಲಿರಲಿಲ್ಲ. ಪಕ್ಕದ ಲ್ಯಾಪ್‌ಟಾಪನ್ನು ಯಾರೂ ಮುಟ್ಟಿರಲಿಲ್ಲ. ಹಲ್ಲುಗಳಿದ್ದ ಗಾಜಿನ ಭರಣಿಯೂ ಅಲ್ಲೇ ಇತ್ತು, ತೊಳೆದಿಟ್ಟಿತ್ತು. ಕೈ ತೊಳೆಯುವ ತೊಟ್ಟಿಯಲ್ಲಿ ವಿಭೂತಿ ಚೆಲ್ಲಿತ್ತು.

ಮಾಟ ಎಂದಿತು ಕಾಲೇಜು. ಕೊಹೀರದಲ್ಲಿ ತಾಯತ ಕಟ್ಟುವ ಕಿಷ್ಟಪ್ಪನನ್ನು ಠಾಣೆಗೆ ಕರೆಸಿದರು. ಆತ ಸಿಟ್ಟಿಗೇಳಲಿಲ್ಲ, ಬಾಯಿ ತೆರೆದು ತೋರಿಸಿದ.

'ಹಲ್ಲಿಗೆ ಅಷ್ಟು ಶಕ್ತಿ ಇದ್ದಿದ್ರ ನನ್ನವು ಯಾಕ ಉದುರ್ತಿದ್ವು ಸಾಹೇಬ್ರ?'

ಅವನನ್ನು ಕಳಿಸಿಕೊಟ್ಟರು. ಆಮೇಲೆ ತುಳಸಿರಾಮ ಬಹಳ ಹೊತ್ತು ಭರಣಿಯ ಫೋಟೊ ನೋಡುತ್ತ ಕೂತ. ಕದ್ದವನು ತೊಳೆಯುವುದೇಕೆ? ಕಾನ್‌ಸ್ಟೇಬಲ್ ವೀರಭದ್ರ ಚಹಾ ತಂದಿಟ್ಟು, ತಾನೂ ಫೋಟೊ ನೋಡಿದ.

'ನಮ್ಮಲ್ಲಿ ಮಣ್ಣು ಮಾಡೂಕ ಮೊದಲ ಹಿಂಗೇ ಮಾಡ್ತಾರ್ರಿ. ಮೈ ತೊಳದು ವಿಭೂತಿ ಹಚ್ಚತಾರ.'

ಬುಧವಾರ ಬೆಳಿಗ್ಗೆ ದೇವಿಕಾಳನ್ನು ಮತ್ತೆ ಕೇಳಿದರು. ಹಲ್ಲು ಕೊಟ್ಟವರಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ?

ಹೌದು ಎಂದಳು ಅವಳು. ಹೋದ ವಾರ ಬಶೀರಾಬಾದಿನಿಂದ ಒಬ್ಬ ಬಂದಿದ್ದ, ಲಿಂಗರಾಜ ಅಂತ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಕೆಲಸ. ತಾಯಿ ಅಮೃತಬಾಯಿ ಸತ್ತಿದ್ದಾಳೆ, ಆಕೆಯ ಹಲ್ಲು ಕೊಡಿ ಎಂದಿದ್ದ.

'ನೀವೇನಂದ್ರಿ?'

'ಎಲ್ಲಾ ಕೂಡಿ ಹೋಗ್ಯಾವ, ಯಾವು ಯಾರವು ಗೊತ್ತಾಗಂಗಿಲ್ಲ, ಮಿಷನ್ನಿಗೆ ಹೋಗ್ತಾವ ಅಂದೆ.'

'ಆತ?'

'ಏನೂ ಅನ್ನಲಿಲ್ರಿ.'

'ದೂರಿನ್ಯಾಗ ಯಾಕ ಹೇಳಲಿಲ್ಲ?'

'ಜಗಳ ಆಡಿದ್ರ ಹೇಳ್ತಿದ್ದೆ. ಸುಮ್ಮನ ಹೋದನಲ್ರಿ.'

ಮಧ್ಯಾಹ್ನ ಬಶೀರಾಬಾದಿನ ರುದ್ರಭೂಮಿಯಲ್ಲಿ ಲಿಂಗರಾಜ ಸಿಕ್ಕ. ಹೊಸ ಸಮಾಧಿಯ ತಲೆಯ ಕಡೆ ಒಂದು ತಾಂಡೂರು ಕಲ್ಲು ಕೂಡಿಸಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ, ಕಲ್ಲು ತಾನೇ ಎತ್ತಿದ. ಕೆಳಗೆ ಮಣ್ಣಿನ ಕುಡಿಕೆ, ಅದರೊಳಗೆ ವಿಭೂತಿ ಹಚ್ಚಿದ ಹಲ್ಲುಗಳು.

'ಇವೆಲ್ಲಾ ನಿಮ್ಮವ್ವನವಲ್ಲ' ಎಂದ ತುಳಸಿರಾಮ.

'ಗೊತ್ತದರಿ. ಯಾವು ಅವ್ವನವು ಅಂತ ತಿಳೀಲಿಲ್ಲ. ಅದಕ್ಕ ಎಲ್ಲಾರವೂ ತೊಳದೆ.'

ತುಳಸಿರಾಮ ದೇವಿಕಾಳಿಗೆ ಫೋನ್ ಮಾಡಿ, ಸಿಕ್ಕಿವೆ ಎಂದ.

'ಒಣಗ್ಯಾವೇನ್ರಿ?'

'ಹೂಂ.'

ಒಣಗಿದ ಹಲ್ಲು ಪರೀಕ್ಷೆಗೆ ಬರುವುದಿಲ್ಲ ಎಂದು ಅವಳೇ ದೂರಿನಲ್ಲಿ ಬರೆದಿದ್ದಳು. ಕೇಸು ಮುಗಿದ ಮೇಲೆ ಅವು ತನಗೆ ಬೇಡ, ಆತನಿಗೇ ಕೊಡಿ ಎಂದಳು. ಅದನ್ನು ನ್ಯಾಯಾಲಯ ಹೇಳಬೇಕು ಎಂದು ತುಳಸಿರಾಮ ಫೋನ್ ಇಟ್ಟ.

ಪಂಚರ ಎದುರು ಕುಡಿಕೆಗೆ ಸೀಲು ಹಾಕಿ, ನಾಲ್ಕೂವರೆಗೆ ಲಿಂಗರಾಜನನ್ನು ಬಂಧಿಸಿದರು. ಹೇಳಿಕೆಯಲ್ಲಿ ಆತ ಹೇಳಿದ್ದು ಸ್ವಲ್ಪವೇ. ಶಿಬಿರದಲ್ಲಿ ಅವ್ವನ ಹಲ್ಲೆಲ್ಲ ಕಿತ್ತು, ಹೊಸ ಸೆಟ್ಟು ಕೊಡುತ್ತೇವೆ ಎಂದಿದ್ದರು. ಅಂದಿನಿಂದ ಆಕೆ ಬಾಯಿಗೆ ಸೆರಗು ಹಿಡಿದೇ ಮಾತಾಡಿದಳು, ಯಾರ ಎದುರೂ ನಗಲಿಲ್ಲ. ಸೆಟ್ಟು ಬರಲಿಲ್ಲ. ಮಣ್ಣು ಮಾಡುವಾಗಲೂ ಯಾರೋ ಬಾಯಿಯ ಮೇಲೆ ಸೆರಗು ಎಳೆದಿದ್ದರು.

ಜೀಪು ಹತ್ತುವ ಮುಂಚೆ ಲಿಂಗರಾಜ ಒಂದು ನಿಮಿಷ ಕೇಳಿಕೊಂಡ. ಖಾಲಿ ಕುಳಿಯ ಮೇಲೆ ಕಲ್ಲನ್ನು ಮತ್ತೆ ಕೂಡಿಸಿ, ಮಟ್ಟ ಸರಿಯಾಗಿದೆಯೇ ಎಂದು ಅಂಗೈಯಿಂದ ಸವರಿ ನೋಡಿದ.