ನಾಲ್ಕು ಸಲ ಕೇಳಿದ ಪ್ರಶ್ನೆ

"ರಿಟರ್ನ್ ಬ್ಯಾಕ್ ಅಂತ ಬರೆದಿದ್ದೀರಿ. ರಿಟರ್ನ್ ಅಂದಮೇಲೆ ವಾಪಸ್ ಬಂದ ಹಾಗೇ ಅಲ್ವಾ? ಮತ್ತೆ ಬ್ಯಾಕ್ ಯಾಕೆ?"

ಆ ಇಂಗ್ಲಿಷ್ ಮಾಸಪತ್ರಿಕೆಯ ಕಚೇರಿಯಲ್ಲಿ ಉಪಸಂಪಾದಕನಾದ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಪುನರುಕ್ತಿ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುವುದೇ ಅವನ ಕೆಲಸ. ಸಹೋದ್ಯೋಗಿಗಳ ಬಾಯಲ್ಲಿ ಅವನು 'ಕತ್ತರಿ'.

ಹೊಸ ಲೇಖಕಿಯ ಮುಖ ಕೆಂಪಾಯಿತು. "ಹೋದವರೆಲ್ಲ ವಾಪಸ್ ಬರಲ್ಲ ಸರ್," ಎಂದಳು.

ಅವನು ಪೆನ್ಸಿಲ್ ಕೆಳಗಿಟ್ಟು ಅವಳನ್ನೇ ನೋಡಿದ.

ಎಂಟು ತಿಂಗಳಲ್ಲಿ ಆ ನೋಟ ಒಲವಾಗಿ ಬೆಳೆಯಿತು, ಆದರೆ ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಒಲವಿನ ನಂಬಿಕೆಯಿಂದಲೇ ಅವಳು, ಯಾರಿಗೂ ತೋರಿಸದ ಬರಹವೊಂದನ್ನು ಪ್ರಕಟಣೆಗೆಂದು ಅವನ ಕೈಗಿತ್ತಳು. ಮರೆವಿನ ಕಾಯಿಲೆಯಿಂದ ತೀರಿಕೊಂಡ ಅಮ್ಮನನ್ನು ಕುರಿತ ಲೇಖನ ಅದು. ಕೊನೆಯ ಸಂಜೆ ಅಮ್ಮ ನಾಲ್ಕು ಸಲ ಕೇಳಿದ್ದಳು, ಊಟ ಆಯ್ತಾ ಮಗಳೇ ಎಂದು. ನಾಲ್ಕು ಸಲವೂ ಮಗಳು, ಆಯ್ತಮ್ಮ ಎಂದಿದ್ದಳು. ಆ ನಾಲ್ಕನ್ನು ಮಾತ್ರ ಮುಟ್ಟಬೇಡಿ ಎಂದು ಬೇಡಿಕೊಂಡಾಗ ಅವನು ಮಾತು ಕೊಟ್ಟಿದ್ದ.

ಇಂದು ಅಚ್ಚಾಗಿ ಬಂದ ಸಂಚಿಕೆಯಲ್ಲಿ ಅಮ್ಮ ಒಂದೇ ಸಲ ಕೇಳಿದ್ದಳು.

ಮರೆವೂ ಇಲ್ಲ, ಸಂಕಟವೂ ಇಲ್ಲ. ಯಾರ ಮನೆಯ ತಾಯಾದರೂ ಕೇಳಬಹುದಾದ ಬರಿಯ ಉಪಚಾರದ ಮಾತು! ಬೇರೆ ಯಾರು ಮಾಡಿದ್ದರೂ ತಾಳಿಕೊಳ್ಳುತ್ತಿದ್ದೆ, ಇವನ ಕೈಯಿಂದಲೇ... ಅವಳ ಎದೆ ಬೆಂದುಹೋಯಿತು.

ಸಂಚಿಕೆಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು. "ನನ್ನಮ್ಮನನ್ನೂ ಕತ್ತರಿಸಿಬಿಟ್ರಿ."

ಅವನು ಕುರ್ಚಿ ಬಿಟ್ಟೆದ್ದ. ಅಚ್ಚುಮನೆಗೆ ಹೋಗಿ ಅವಳ ಹಸ್ತಪ್ರತಿಯನ್ನೇ ತಂದು ಮುಂದಿಟ್ಟ. ಮೂರು ಪ್ರಶ್ನೆಗಳ ಮೇಲೆ ಕೆಂಪು ಗೆರೆ. ಕೆಳಗೆ ಸಾಲಾಗಿ ಸಣ್ಣ ಚುಕ್ಕಿಗಳು. ಹೊಡೆದುಹಾಕಿದ್ದನ್ನು ಹಾಗೆಯೇ ಉಳಿಸಿ ಎಂಬ ಸಂಕೇತ. ಅಚ್ಚುಮನೆಯವರು ಗೆರೆಯನ್ನು ಕಂಡಿದ್ದರು, ಚುಕ್ಕಿಗಳನ್ನು ಕಂಡಿರಲಿಲ್ಲ.

"ಗೆರೆ ಎಳೆದದ್ದು ನಾನೇ. ಕೈಗೆ ಅಂಟಿದ ಚಾಳಿ. ಆಮೇಲೆ ಮಾತು ಕೊಟ್ಟದ್ದು ನೆನಪಾಯ್ತು, ಚುಕ್ಕಿ ಇಟ್ಟೆ. ಆದರೆ ಕೊನೇ ಕರಡು ನೋಡಲಿಲ್ಲ. ತಪ್ಪು ನಂದೇ."

ಮುಂದಿನ ಸಂಚಿಕೆಗಾಗಿ ಅಲ್ಲೇ ಕೂತು ತನ್ನ ಹೆಸರಿನಲ್ಲೇ ತಪ್ಪೊಪ್ಪಿಗೆ ಬರೆದು ತೋರಿಸಿದ. ಶೋಕದಲ್ಲಿಯೂ ಅನುಕಂಪದಲ್ಲಿಯೂ ಪುನರುಕ್ತಿ ದೋಷವಲ್ಲವೆಂಬುದು ಕಾವ್ಯವನ್ನು ಬಲ್ಲ ಹಿರಿಯರ ಮತ. ಅದನ್ನು ಆತ ತಡವಾಗಿ ಕಲಿತಿದ್ದ. ಅವಳು ಕಣ್ಣೊರೆಸಿಕೊಂಡು ತನ್ನ ಜಾಗಕ್ಕೆ ಮರಳಿದಳು.

ಮಧ್ಯಾಹ್ನ ಅವನು ಬಂದು ಮೆಲ್ಲನೆ ಕೇಳಿದ, ಊಟ ಆಯ್ತಾ ಎಂದು. ಅವಳು ಬರೆಯುತ್ತಲೇ ಇದ್ದಳು. ಗಂಟೆ ಕಳೆದ ಮೇಲೆ ಬಾಗಿಲಲ್ಲಿ ನಿಂತು ಮತ್ತೆ ಕೇಳಿದ. ಸಂಜೆ ಮೆಟ್ಟಿಲಿಳಿಯುವಾಗ ಮೂರನೆಯ ಸಲ.

ಬೀದಿಗೆ ಬಂದಾಗ ಹಿಂದಿನಿಂದ ಅದೇ ದನಿ. "ಊಟ ಆಯ್ತಾ?"

ಅವಳು ತಿರುಗಿದಳು. "ಒಂದೇ ಮಾತು ಎಷ್ಟು ಸಲ ಕೇಳ್ತೀರಿ? ಕತ್ತರಿ ಎಲ್ಲಿ ಹೋಯ್ತು?"

"ಇದನ್ನ ಬದುಕಿರೋವರೆಗೂ ಕೇಳಬೇಕು ಅಂತಿದೆ... ನೀವು ಒಪ್ಪಿದ್ರೆ."

"ಅವತ್ತು ಅಮ್ಮನಿಗೆ ನಾಲ್ಕು ಸಲವೂ ಸುಳ್ಳು ಹೇಳಿದ್ದೆ," ಎಂದಳು ಅವಳು. "ಊಟ ಆಗಿರ್ಲಿಲ್ಲ."

"ಈಗ?"

"ಈಗಲೂ ಆಗಿಲ್ಲ. ಬನ್ನಿ, ಹೋಗೋಣ."