ಕೌದಿಯ ಒಂದೂವರೆ ಔನ್ಸ್

ದೇವಮ್ಮನ ಪಾಸ್‌ಪೋರ್ಟ್ ಕಳುವಾಗಿತ್ತು. ವಿಮಾನ ನಾಳೆ ಮಧ್ಯಾಹ್ನಕ್ಕೆ.

ಮಗುವಿನ ತೂಕ ನೋಡಲು ಬಂದ ನರ್ಸ್ ಇಂಚರ ಇನ್ನೂ ಬೂಟು ಬಿಚ್ಚಿರಲಿಲ್ಲ, ದೇವಮ್ಮ ಬಂದು ಕೈ ಹಿಡಿದುಕೊಂಡರು. ಬಾಣಂತನದ ಕೆಲಸಕ್ಕೆಂದು ಮೈಸೂರಿನಿಂದ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಈ ಮನೆಗೆ ಬಂದು ಅವರಿಗೆ ಮೂರು ತಿಂಗಳಾಗಿತ್ತು.

“ಸೂಟ್‌ಕೇಸಲ್ಲೇ ಇತ್ತು ಕಣವ್ವ. ನಿನ್ನೆಯಿಂದ ಇಲ್ಲ. ಮುಂದಿನ ವಾರ ನನ್ ಮಗಳಿಗೇ ಹೆರಿಗೆ. ಊರೋರ ಬಾಣಂತನ ಮಾಡಿ ಅವಳದ್ದು ತಪ್ಪಿಸ್ಲಾ?”

ಹೊರಗೆ ಮೈನಸ್ ಹತ್ತು ಡಿಗ್ರಿ ಚಳಿ. ಕಾರಿಲ್ಲದೆ ಹಾಲು ತರಲೂ ಆಗದ ಜಾಗ. ಬಾಗಿಲಿಗೆ ಬೀಗವಿಲ್ಲದಿದ್ದರೂ ದೇವಮ್ಮ ಬೋನಿಗೆ ಬಿದ್ದಿದ್ದರು.

ಮನೆಯಲ್ಲಿ ಇನ್ನಿಬ್ಬರೇ. ಎಂಜಿನಿಯರ್ ನಿರಂಜನ್ ಮತ್ತು ಅವನ ಬಾಣಂತಿ ಹೆಂಡತಿ, ಸರ್ಜನ್ ಮಂಜರಿ.

“ಇನ್ನೆರಡು ತಿಂಗಳು ಇರಿ ಅಂದಿದ್ದು ನಾನೇ,” ಎಂದ ನಿರಂಜನ್. “ಅದಕ್ಕೆ ಕದೀತೀನಾ? ಚೆಕ್ ಮಾಡಿ.”

ಬೀಗ ಹಾಕಿದ್ದ ಡ್ರಾಯರ್ ತಾನೇ ತೆಗೆದ. ಒಳಗಿದ್ದವು ಎರಡು ಪಾಸ್‌ಪೋರ್ಟ್, ಗಂಡ ಹೆಂಡತಿಯದು.

* * *

ಪೊಲೀಸರನ್ನು ಕರೆಯುವ ಮೊದಲು ಕೆಲಸ ಮುಗಿಸೋಣವೆಂದು ಇಂಚರ ತಕ್ಕಡಿ ತೆಗೆದಳು. ಬರಿಮೈ ಮಗುವನ್ನು ಅದರ ಮೇಲಿಡಲು ದೇವಮ್ಮ ಸುತರಾಂ ಬಿಡುವವರಲ್ಲ. ತಾವು ಹಳೇ ಸೀರೆಯಲ್ಲಿ ಹೊಲಿದ ಪುಟ್ಟ ಕೌದಿ ಸುತ್ತಿಯೇ ಕೊಡುತ್ತಿದ್ದರು. ಹಾಗಾಗಿ ಮೊದಲು ಬರೀ ಕೌದಿಯ ತೂಕ, ಆಮೇಲೆ ಕೌದಿ ಸಮೇತ ಮಗುವಿನದು. ನೂರು ವರ್ಷದ ಹಿಂದೆ ಡೆಟ್ರಾಯಿಟ್‌ನ ಬಡಬೀದಿಗಳಲ್ಲಿ ತಕ್ಕಡಿ ಹೊತ್ತು ಮನೆಮನೆ ಸುತ್ತುತ್ತಿದ್ದ ದಾದಿಯರೂ ಹೀಗೇ ತೂಗುತ್ತಿದ್ದರು. ಅಂಥವರೊಬ್ಬರ ಕಾರ್ಡು ಇಂಚರಳ ಆಫೀಸಿನ ಗೋಡೆಯ ಮೇಲಿದೆ. ಎಡಗಡೆ ಮಗುವಿನ ತೂಕ, ಬಲಗಡೆ ‘ತಾಯಿ ಹೇಗಿದ್ದಾಳೆ?’. ಇಂಚರಳ ಫಾರಂನಲ್ಲೂ ಅವೇ ಎರಡು ಸಾಲು.

ಕೌದಿ ಹದಿನೈದೂವರೆ ಔನ್ಸ್ ತೂಗಿತು.

ಹಳೆಯ ಪುಟ ತಿರುಗಿಸಿದಳು. ಹಿಂದಿನ ಮೂರು ಸಲವೂ ಹದಿನಾಲ್ಕು.

“ಒದ್ದೆ ಇದೆಯಾ ದೇವಮ್ಮ?”

“ಇಲ್ಲವ್ವ, ಗರಿಗರಿ ಒಣಗಿದೆ.”

ಒಂದು ಮೂಲೆ ಗಟ್ಟಿಯಾಗಿತ್ತು. ಅಂಚಿನಲ್ಲಿ ಆರು ಹೊಸ ಹೊಲಿಗೆ. ಇಂಚರ ಬಗ್ಗಿ ನೋಡಿದಳು.

* * *

“ನಿರಂಜನ್, ನಿಮಗೆ ಗುಂಡಿ ಹೊಲಿಯಕ್ಕೆ ಬರತ್ತಾ?”

“ಸೂಜಿಗೆ ದಾರ ಪೋಣಿಸಕ್ಕೂ ಬರಲ್ಲ.”

“ದೇವಮ್ಮ ಒಂದೇ ದಾರ ಉದ್ದಕ್ಕೂ ಓಡಿಸ್ತಾರೆ. ಇಲ್ಲಿ ಒಂದೊಂದು ಹೊಲಿಗೆಗೂ ಬೇರೆ ಬೇರೆ ಗಂಟು. ಒಂದು ಬಿಚ್ಚಿದ್ರೂ ಉಳಿದದ್ದು ನಿಲ್ಲಲಿ ಅಂತ ಗಾಯ ಹೊಲಿಯೋರು ಹೀಗೆ ಹಾಕ್ತಾರೆ. ಅಲ್ವಾ ಮಂಜರಿ?”

ದೇವಮ್ಮ ಹೊಲಿಗೆಗೆ ಕತ್ತರಿ ಹಾಕಿದರು. ನೀಲಿ ಪಾಸ್‌ಪೋರ್ಟ್ ಜಾರಿ ಬಿತ್ತು.

“ಕೇಳಿದ್ದೆಲ್ಲಾ ಮಾಡ್ಕೊಟ್ನಲ್ಲವ್ವ,” ದೇವಮ್ಮ ಮಂಜರಿಯ ಕಡೆ ತಿರುಗಿದರು. “ನನ್ನ ಯಾಕೆ ಕಟ್ಟಿಹಾಕ್ದೆ?”

“ಸೋಮವಾರದಿಂದ ಇವರು ಆಫೀಸಿಗೆ. ಆಮೇಲೆ ನಾನು, ಮಗು, ನಾಲ್ಕು ಗೋಡೆ.” ಮಂಜರಿ ಬಿಕ್ಕಿದಳು. “ಅದು ಅತ್ರೆ ನನ್ ಕೈ ನಡುಗತ್ತೆ. ಆಪರೇಷನ್ ಮಾಡುವಾಗ ಒಂದಿನಾನೂ ನಡುಗದ ಕೈ.”

“ಹೇಳ್ಬಾರ್ದಿತ್ತಾ?” ಎಂದ ನಿರಂಜನ್.

“ಯಾರು ಕೇಳಿದ್ರಿ?”

ದೇವಮ್ಮ ಪಾಸ್‌ಪೋರ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಮಂಜರಿಯ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. “ನಾನು ಹೋಗೇ ಹೋಗ್ತೀನಿ. ಆದ್ರೆ ನಿನ್ನ ಒಂಟಿ ಬಿಟ್ಟು ಹೋಗಲ್ಲ. ಏನವ್ವ ನರ್ಸಮ್ಮ?”

ಇಂಚರ ಫಾರಂ ನೋಡಿದಳು. ಎಡಗಡೆ ಮೂರು ಸಲದ ತೂಕ ಮುದ್ದಾಗಿ ಬರೆದಿತ್ತು. ಬಲಗಡೆ ಮೂರು ಸಲವೂ ಖಾಲಿ. ಖಾಲಿ ಬಿಟ್ಟವಳು ತಾನೇ. ಅವಳಿಗೆ ನಾಚಿಕೆಯಾಯಿತು.

ತಕ್ಕಡಿ ಪಕ್ಕಕ್ಕಿಟ್ಟು ಮಂಜರಿಯ ಎದುರು ಕೂತು ಪೆನ್ನು ತೆಗೆದಳು.

“ರಾತ್ರಿ ನಿದ್ದೆ ಬರತ್ತಾ ಮಂಜರಿ?”