ಹೊಗೆ ಬಾರದ ಆದಿತ್ಯವಾರಗಳು

ಸುಟ್ಟುಹೋದ ತಂತಿಯ ತುದಿ ಕರ್ರಗೆ ಮುರುಟಿರುತ್ತದೆ. ಇದರದ್ದು ಹೊಳೆಯುತ್ತಿತ್ತು. ಕುಂಬ್ರದಲ್ಲಿ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ ಇಟ್ಟಿದ್ದ ಮೋಕ್ಷಿತ್, ಆ ಪುಟ್ಟ ಮಾಡೆಲ್ ರೈಲಿನ ಇಂಜಿನನ್ನು ಲೈಟಿನಡಿ ತಿರುಗಿಸಿ ನೋಡಿದ. ಅದರ ಚಿಮಣಿಯೊಳಗೆ ಎಣ್ಣೆ ಕಾಯಿಸಿ ಹೊಗೆ ಬರಿಸುವ ಸಣ್ಣದೊಂದು ಕಾಯಿಲ್ ಇತ್ತು.

“ಇದು ಸುಟ್ಟದ್ದಲ್ಲ. ಯಾರೋ ಕತ್ತರಿಸಿದ್ದು.”

“ನಾನೇ,” ಎಂದಳು ಕೌಂಟರಿನಾಚೆ ನಿಂತಿದ್ದ ಹರಿಣಾಕ್ಷಿ. ಕಣ್ಣು ಸಹ ತಗ್ಗಿಸಲಿಲ್ಲ. “ಅಪ್ಪನ ಶ್ವಾಸಕೋಶ ಹೋಗಿದೆ. ಆದ್ರೂ ದಿನಾ ಇದರ ಮೇಲೆ ಬಗ್ಗಿ ಹೊಗೆ ಎಳೀತಾರೆ. ಪಾರ್ಟು ಸಿಗುದಿಲ್ಲ ಅಂತ ನೀವು ಅವರಿಗೆ ಹೇಳ್ಬೇಕು.”

“ಫೋನಲ್ಲಿ ಹೇಳಿದ್ರೆ ಸಾಕಾ?”

“ನಂಬುದಿಲ್ಲ. ಮನೆಗೇ ಬನ್ನಿ.”

ಸುಳ್ಳು ಹೇಳಲು ಇಷ್ಟು ಗತ್ತಿನಿಂದ ಕರೆಯುವವಳನ್ನು ಮೋಕ್ಷಿತ್ ಅದುವರೆಗೆ ಕಂಡಿರಲಿಲ್ಲ. ಮನಸ್ಸು ಅಲ್ಲೇ ಜಾರಿತು. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ನರಿಮೊಗರಿನ ಮನೆಯಲ್ಲಿ ಅವಳ ಅಪ್ಪ ಜತ್ತಪ್ಪ ಆಕ್ಸಿಜನ್ ಮೆಷಿನ್ನಿನ ಪಕ್ಕ, ಕಿಟಕಿಗೆ ಮುಖ ಮಾಡಿ ಕೂತಿದ್ದರು. ರೈಲ್ವೆಯಲ್ಲಿ ಡ್ರೈವರಾಗಿ ನಿವೃತ್ತರಾದವರು. ಆದರೆ ಮಾತೆಲ್ಲ ಹರೆಯದಲ್ಲಿ ಇಂಜಿನಿಗೆ ಕಲ್ಲಿದ್ದಲು ಹಾಕುತ್ತಿದ್ದ ದಿನಗಳದ್ದೇ.

“ಪಾರ್ಟು ಹೊರಗಿಂದ ಬರ್ಬೇಕು,” ಎಂದ ಮೋಕ್ಷಿತ್. “ಬರುವ ಆದಿತ್ಯವಾರ ನೋಡುವ.”

ಸಿಗುವುದೇ ಇಲ್ಲ ಎನ್ನಲು ಒಪ್ಪಿ ಬಂದವನ ಬಾಯಲ್ಲಿ ಈ ಮಾತು! ಹರಿಣಾಕ್ಷಿ ಅಡುಗೆಮನೆಯ ಬಾಗಿಲಿನಿಂದ ದುರುಗುಟ್ಟಿದಳು. ಹೊರಡುವಾಗ ಗೇಟಿನ ತನಕ ಬಂದಳು.

“ಬಾರದ ಪಾರ್ಟಿಗೆ ಇನ್ನೊಮ್ಮೆ ಎಂತಕ್ಕೆ ಬರುದು ನೀವು?”

“ಬರ್ಲಿಲ್ಲ ಅಂತ ಹೇಳ್ಲಿಕ್ಕೆ. ಮತ್ತೆ, ನೀರುದೋಸೆ ಒಳ್ಳೆದಿತ್ತು.”

ಅವಳು ನಗು ಅಡಗಿಸಿಕೊಳ್ಳಲು ಗೇಟಿನ ಚಿಲಕದ ಕಡೆ ನೋಡಿದಳು. ಚಿಲಕ ಹಾಕಿಯೇ ಇತ್ತು.

ಹೀಗೆ ಏಳು ಆದಿತ್ಯವಾರಗಳಾದವು. “ಎಂತ ಮಾರಾಯ, ಬಂತಾ?” ಎಂದು ಜತ್ತಪ್ಪ ಪ್ರತಿಸಲ ಕೇಳುವರು. ಇಲ್ಲ ಎಂದಾಗ ಅವರ ಮುಖ ಬಾಡುವುದನ್ನು ಮೋಕ್ಷಿತ್ ನೋಡುವನು. ಮತ್ತೆ ಅಡುಗೆಮನೆಯ ಬಳೆ ಸದ್ದಾದರೆ ಅದನ್ನು ಮರೆಯುವನು. ಏಳನೆಯ ವಾರ ಅವರಿಗೆ ಸ್ವರ ಹೊರಡಲಿಲ್ಲ. ಕೈಯೆತ್ತಿ, ಹೊಗೆ ಮೇಲೇಳುವ ಹಾಗೆ ಬೆರಳು ಆಡಿಸಿ ಕೇಳಿದರು.

“ಬರುವ ವಾರ ಖಂಡಿತ,” ಎಂದ ಅವನು.

ಜತ್ತಪ್ಪ ಶುಕ್ರವಾರ ತೀರಿಕೊಂಡರು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಹರಿಣಾಕ್ಷಿ ಅಂಗಡಿಗೆ ಬಂದಳು. ಅತ್ತು ಕಣ್ಣು ಬಾತಿದ್ದವು.

“ನಿನ್ನೆ ಅಪ್ಪನ ಹೆಸರಲ್ಲಿ ಅಗೆಲು ಬಡಿಸಿದೆವು. ಅವರಿಗೆ ಇಷ್ಟ ಇದ್ದದ್ದೆಲ್ಲ ಎಲೆಗೆ ಹಾಕಿದೆ. ಬಂಗುಡೆ, ಕೋಳಿ-ರೊಟ್ಟಿ, ನಾನೇ ಹಠ ಮಾಡಿ ಚಟ ಬಿಡಿಸಿದ್ದ ಬೀಡಿ ಸಹ. ಒಂದು ಮಾತ್ರ ಬಾಕಿ ಉಂಟು.”

ಮೋಕ್ಷಿತ್ ಬ್ಯಾಗಿನಿಂದ ಇಂಜಿನ್ ತೆಗೆದ. ಹೇಳದೆ ಇರಲು ಅವನಿಂದ ಆಗಲಿಲ್ಲ.

“ನೀವು ತಂದ ದಿನವೇ ಹೊಸ ಕಾಯಿಲ್ ಸುತ್ತಿ ಸರಿ ಮಾಡಿದ್ದೆ. ಅವರು ಕೈಯೆತ್ತಿ ಕೇಳಿದ ದಿನವೂ ಇದು ಈ ಬ್ಯಾಗಲ್ಲೇ ಇತ್ತು. ಕಿಟಕಿಯಾಚೆ ಇಟ್ಟು ತೋರಿಸಿದ್ರೂ ಸಾಕಿತ್ತು. ಕೊಟ್ಟುಬಿಟ್ರೆ ನಿಮ್ಮನ್ನು ನೋಡ್ಲಿಕ್ಕೆ ಬರುದು ಹೇಗೆ?”

ಅವಳು ಬಗ್ಗಿ ಚಿಮಣಿಯೊಳಗಿನ ಹೊಸ ಕಾಯಿಲನ್ನು ನೋಡಿದಳು.

“ಅಪ್ಪ ಹೋಗುವ ಮೂರು ವಾರ ಮೊದಲೇ ಡಾಕ್ಟ್ರು ಹೇಳಿದ್ರು,” ಎಂದಳು. “ಇನ್ನು ಪಥ್ಯ ಬೇಡ, ಕೇಳಿದ್ದು ಕೊಡಿ ಅಂತ. ನಾನು ನಿಮಗೆ ಹೇಳ್ಲಿಲ್ಲ. ರಿಪೇರಿ ಆದ್ರೆ ನೀವು ಬರುದು ನಿಲ್ತದಲ್ಲ.”

ಒಬ್ಬರಿಗೊಬ್ಬರು ಎಷ್ಟು ಬೇಕಾಗಿದ್ದರು ಎಂದು ಇಬ್ಬರಿಗೂ ಸ್ಪಷ್ಟವಾಗಿ ಗೊತ್ತಾದದ್ದು ಆಗಲೇ. ಬದುಕಿನಲ್ಲಿ ಅಷ್ಟು ನಾಚಿಕೆಯೂ ಅವರಿಗೆ ಯಾವತ್ತೂ ಆಗಿರಲಿಲ್ಲ.

ಮೋಕ್ಷಿತ್ ಚಿಮಣಿಗೆ ಎರಡು ಹನಿ ಎಣ್ಣೆ ಬಿಟ್ಟು ವಯರಿಗೆ ಕೈ ಹಾಕಿದ. ಹರಿಣಾಕ್ಷಿ ಆ ಕೈಯನ್ನು ಹಿಡಿದು ತಡೆದಳು, ಹಿಡಿದದ್ದನ್ನು ಬಿಡಲಿಲ್ಲ.

“ಇಲ್ಲಿ ಬೇಡ. ಅಪ್ಪ ಕೂರುತ್ತಿದ್ದ ಕಿಟಕಿಯ ಹತ್ರ.”

“ಯಾವಾಗ ಬರ್ಲಿ?”

ಆದಿತ್ಯವಾರ ಎಂದು ಬಾಯಿಗೆ ಬಂದಿರಬೇಕು. ತುಟಿ ಕಚ್ಚಿ ನಿಂತಳು.

“ಈಗಲೇ. ಇನ್ನು ಬರುವ ವಾರ ಅಂತ ಹೇಳ್ಲಿಕ್ಕೆ ಇಲ್ಲ.”

ಮೋಕ್ಷಿತ್ ಇಂಜಿನನ್ನು ಅವಳ ಕೈಗೆ ಕೊಟ್ಟು, ಹಗಲು ಹನ್ನೊಂದು ಗಂಟೆಗೆ ಅಂಗಡಿಯ ಶಟರ್ ಎಳೆದ.